ಎಂಟುನೂರು ವರ್ಷ, ಮುನ್ನೂರು ಪದ

ಕೊಸೊವೊದ ಒಂದು ಮೂಲೆಯ ಚರಿತ್ರೆಯನ್ನು ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ, ಮೂವರು ಕನ್ನಡಿಗರು ಕೂತು ಬರೆದೆವು ಎಂದರೆ ಯಾರೂ ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು. ಮೂವರಲ್ಲಿ ಯಾರೂ ಆ ದೇಶವನ್ನು ನೋಡಿರಲಿಲ್ಲ. ಇಬ್ಬರಿಗೆ ನೋಡಬೇಕೆಂಬ ಆಸೆಯೂ ಇರಲಿಲ್ಲ.

ಕಂಪನಿ ಶೇಷಾದ್ರಿಯವರದು. ಇಪ್ಪತ್ತು ವರ್ಷಗಳಿಂದ ಸರಕಾರಿ ಕಚೇರಿಗಳಿಗೆ ಪ್ರೋಗ್ರಾಮರುಗಳನ್ನು ಒದಗಿಸುತ್ತಿದ್ದ ಕಂಪನಿ. ವಾಷಿಂಗ್ಟನ್‌ನ ಒಂದು ಫೌಂಡೇಶನ್ನಿಗೆ ಕೊಸೊವೊದ ಗ್ರಾಮೀಣ ಪುರಸಭೆಗಳ ಪರಿಚಯ ಪುಸ್ತಿಕೆಗಳು ಬೇಕಾಗಿದ್ದವು. ಅದು ಕೆಲಸವನ್ನು ಒಂದು ದೊಡ್ಡ ಸಂಸ್ಥೆಗೆ ಕೊಟ್ಟಿತು, ದೊಡ್ಡದು ರೆಸ್ಟನ್‌ನ ಒಂದು ಮಧ್ಯಮ ಸಂಸ್ಥೆಗೆ ಕೊಟ್ಟಿತು, ಮಧ್ಯಮದ್ದು ನಮಗೆ ಕೊಟ್ಟಿತು. ನಮ್ಮ ಕೆಳಗೆ ಯಾರೂ ಇರಲಿಲ್ಲವಾದ್ದರಿಂದ ನಾವೇ ಬರೆಯಬೇಕಾಯಿತು. ಯಾವುದೋ ಅರ್ಜಿಯಲ್ಲಿ 'ಪ್ರಾದೇಶಿಕ ಅಧ್ಯಯನದ ಅನುಭವ' ಎಂಬ ಚೌಕದಲ್ಲಿ ಶೇಷಾದ್ರಿಯವರು ಗುರುತು ಹಾಕಿದ್ದರು. ಅವರು ಎಲ್ಲ ಚೌಕಗಳಲ್ಲೂ ಗುರುತು ಹಾಕುತ್ತಾರೆ.

"ಯಾಮಿನಿ, ನಿಮ್ದು ಹಿಸ್ಟರಿ ಅಲ್ವಾ?" ಎಂದು 2022ರ ಜುಲೈನಲ್ಲಿ ಒಂದು ದಿನ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. "ಇದೂ ಹಿಸ್ಟರೀನೇ. ತೊಗೊಳ್ಳಿ."

"ಸರ್, ನಾನು ಎಂ.ಎ.ನಲ್ಲಿ ಮಾಡಿದ್ದು ಮೈಸೂರು ಸೀಮೆಯ ಕೆರೆಗಳ ಬಗ್ಗೆ."

"ಕೆರೆ ಅಲ್ಲಿರಲ್ವಾ? ಎಲ್ಲಾ ಕಡೆ ಕೆರೆ ಇರುತ್ತೆ. ಈ ವೀಕ್ ಸ್ಟಾರ್ಟ್ ಮಾಡಿ, ಆಗಸ್ಟ್ ಹನ್ನೆರಡು ಸಬ್ಮಿಟ್ ಮಾಡ್ಬೇಕು."

ಎಂಟು ವರ್ಷಗಳಿಂದ ಬೇರೆಯವರ ಸಾಫ್ಟ್‌ವೇರ್ ವರದಿಗಳ ಇಂಗ್ಲಿಷನ್ನು ತಿದ್ದುತ್ತಿದ್ದ ನನಗೆ ಒಳಗೊಳಗೇ ಸಂತೋಷವಾಯಿತು ಎಂದು ಒಪ್ಪಿಕೊಳ್ಳಬೇಕು. ನಾನೂ ಆ ಚೌಕಕ್ಕೆ ಗುರುತು ಹಾಕಿದವಳೇ.

ಪುರಸಭೆ ಎಂದರೆ ನಮ್ಮ ಕಡೆಯ ಸಣ್ಣ ತಾಲ್ಲೂಕಿನಂಥದ್ದು: ಒಂದು ಪೇಟೆ, ಸುತ್ತ ಹದಿನೇಳು ಹಳ್ಳಿ, ಆರು ಸಾವಿರ ಜನ. ಅರ್ಧ ಸರ್ಬರು, ಅರ್ಧ ಅಲ್ಬೇನಿಯನ್ನರು. ಯಾವ ಅರ್ಧ ದೊಡ್ಡದು ಎಂದು ಕೇಳಬಾರದು. ಸರ್ಬರು ಅದನ್ನು ಕ್ರುಶೆವಿಕ್ ಎನ್ನುತ್ತಾರೆ, ಅಲ್ಬೇನಿಯನ್ನರು ದಾರ್ಧಾಯ. ನಮ್ಮ ಪುಸ್ತಿಕೆಯಲ್ಲಿ ಬೆಸ ಪುಟಗಳಲ್ಲಿ ಒಂದು ಹೆಸರು ಮೊದಲು, ಸಮ ಪುಟಗಳಲ್ಲಿ ಇನ್ನೊಂದು ಮೊದಲು ಬರಬೇಕೆಂದು ಷರತ್ತಿತ್ತು. ಪುಟಗಳ ಒಟ್ಟು ಸಂಖ್ಯೆ ಸಮವಾಗಿಯೇ ಇರಬೇಕೆಂದು ಇನ್ನೊಂದು ಷರತ್ತು. ಎರಡೂ ಹೆಸರಿಗೆ ಅರ್ಥ ಒಂದೇ, ಪೇರುಹಣ್ಣಿನ, ಎಂದರೆ ಇಂಗ್ಲಿಷಿನ ಪೇರ್ ಹಣ್ಣಿನ, ಊರು ಎಂದು. ಇದನ್ನು ನಾನು ಮೊದಲ ವಾಕ್ಯವಾಗಿ ಬರೆದೆ. ಮೊದಲ ದಿನವೇ ಅದು ಹೋಯಿತು.

ಹೋಗುವ ವಿಧಾನ ಹೀಗಿತ್ತು. ಬರೆದ ಪ್ರತಿ ವಾಕ್ಯವೂ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು. ಅದರ ಮುಂದೆ ಎರಡು ಖಾನೆ. ಒಂದು ಸರ್ಬ್ ಕಡೆಯ ಪರಿಶೀಲಕಿ ಸ್ನೆಝಾನಾ ಅವರದು. ಶಾರ್ಲಟ್‌ನ ಬ್ಯಾಲಂಟೈನ್‌ನಲ್ಲಿ ಬ್ಯಾಂಕೊಂದರ ಅಧಿಕಾರಿ. ಇನ್ನೊಂದು ಅಲ್ಬೇನಿಯನ್ ಕಡೆಯ ಬೆಸ್ನಿಕ್ ಅವರದು. ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ನಲ್ಲಿ ಮನೆಗಳಿಗೆ ಚಾವಣಿ ಹಾಕಿಸುವ ಕಂಟ್ರಾಕ್ಟರ್. ಇಬ್ಬರೂ ಅದೇ ಪುರಸಭೆಯ ಒಂದೇ ಗುಡ್ಡದ ಹಳ್ಳಿಯಲ್ಲಿ ಹುಟ್ಟಿದವರು, ಒಬ್ಬರೊಡನೊಬ್ಬರು ಮಾತಾಡದವರು. ವಾಕ್ಯ ಒಪ್ಪಿಗೆಯಾದರೆ ಖಾನೆಗೆ ಹಸಿರು ಬಣ್ಣ, ಇಲ್ಲವಾದರೆ ಕೆಂಪು. ಇಬ್ಬರಲ್ಲಿ ಯಾರೇ ಕೆಂಪು ಹಾಕಿದರೂ ಆ ಸಾಲು ತಾನಾಗಿಯೇ ಅಳಿಸಿಹೋಗುತ್ತಿತ್ತು. ತಿದ್ದಿ ಮತ್ತೆ ಕಳಿಸುವಂತಿರಲಿಲ್ಲ. ಹೀಗೆ ಅಳಿಸಿಹೋಗುವ ಏರ್ಪಾಟು ಮಾಡಿದವರು ನಮ್ಮ ಬಸವಕುಮಾರ್. ಬಾಗಲಕೋಟೆಯವರು, ಎಂಜಿನಿಯರ್, ಆ ಹಾಳೆಯ ಬಗ್ಗೆ ಅವರಿಗೆ ಮಗನ ಬಗ್ಗೆ ಇರುವಂಥ ಹೆಮ್ಮೆ.

"ನೋಡ್ರಿ, ಜಗಳಾನ ಇಲ್ಲ," ಎಂದು ತೋರಿಸಿದರು. "ಕೆಂಪ ಬಿತ್ತು, ಸಾಲ ಹೋತು. ಯಾರೂ ಯಾರ್ ಜೊತಿನೂ ಮಾತಾಡೋ ಹಂಗಿಲ್ಲ."

"ಹೀಗೆ ಮಾಡಿದ್ರೆ ಕೊನೇಗೆ ಏನು ಉಳಿಯುತ್ತೆ ಬಸವಕುಮಾರ್?"

"ಉಳದದ್ದ ಸತ್ಯ ರೀ."

ಶೇಷಾದ್ರಿಯವರು ತಮ್ಮ ಕೋಣೆಯಿಂದಲೇ ನಕ್ಕರು. "ಏನ್ ಜನಾನಪ್ಪಾ! ಬೋರ್ಡ್ ಮೇಲಿನ ಹೆಸರಿಗೆ ಹೊಡೆದಾಡೋದು. ನಮ್ಮಲ್ಲಿ ಇವೆಲ್ಲಾ ಇಲ್ಲ ನೋಡಿ."

"ಬೆಳಗಾವಿಗೆ ಹೋಗೀರೇನ್ರೀ ಸರ್ ಒಮ್ಮ್ಯಾರೆ?" ಎಂದರು ಬಸವಕುಮಾರ್. "ಡಾಂಬರ ಡಬ್ಬಿ, ಬ್ರಶ್ ಎಲ್ಲಾ ನಮ್ಮ ಕಡೆನೂ ಸಿಗ್ತಾವ."

"ಅದು ಬೇರೆ ವಿಷ್ಯ. ಅಲ್ಲಿ ನಾವು ಕರೆಕ್ಟ್."

ಒಂದು ವಾರದಲ್ಲಿ ಮೂವತ್ತೆಂಟು ವಾಕ್ಯ ಕಳಿಸಿದೆ. ಒಂದೊಂದು ಪದವನ್ನೂ ತೂಗಿ ಇಟ್ಟಿದ್ದೆ. 'ಬಂದರು' ಎಂದರೆ ಮೊದಲು ಇರಲಿಲ್ಲ ಎಂದಾಗುತ್ತದೆ, 'ಮರಳಿದರು' ಎಂದರೆ ಮೊದಲು ಇದ್ದರು ಎಂದಾಗುತ್ತದೆ, ಆದ್ದರಿಂದ 'ಕಾಣಿಸಿಕೊಂಡರು' ಎಂದು ಬರೆದಿದ್ದೆ, ದೆವ್ವಗಳ ಬಗ್ಗೆ ಬರೆದ ಹಾಗೆ. ಅದೂ ಉಳಿಯಲಿಲ್ಲ. ಐನೂರು ವರ್ಷ ಹಿಂದೆ ಆಳುತ್ತಿದ್ದ ತುರ್ಕರ ತೆರಿಗೆ ಪಟ್ಟಿಯಲ್ಲಿ ಗುಡ್ಡದ ಹಳ್ಳಿಗೆ ಹದಿನೆಂಟು ಮನೆ. ಯಜಮಾನರ ಹೆಸರುಗಳನ್ನು ನೋಡಿ ಸ್ನೆಝಾನಾ ಹದಿನೆಂಟೂ ನಮ್ಮವು ಎಂದರು. ಬೆಸ್ನಿಕ್ ಹನ್ನೊಂದು ನಮ್ಮವು, ಉಳಿದ ಏಳು ಹೆಸರು ಬದಲಾಯಿಸಿಕೊಂಡ ನಮ್ಮವು ಎಂದರು. ಸಾಲು ಹೋಯಿತು, ಅದರೊಂದಿಗೆ ಹದಿನೆಂಟು ಮನೆಗಳೂ ಹೋದವು. ಬೆಳ್ಳಿಯ ಗಣಿ ಹೋಯಿತು, ಅಗೆದವರು ಯಾರು ಎಂಬ ಪ್ರಶ್ನೆಯಿಂದ. ಚರ್ಚು ಹೋಯಿತು, ಮಸೀದಿಯೂ ಹೋಯಿತು. ತುರ್ಕರ ಆಳ್ವಿಕೆ ಮುಗಿದ 1912 ಹೋಯಿತು. ಎರಡನೇ ಮಹಾಯುದ್ಧ ಬೆಳಗಿನ ಕಾಫಿ ಮುಗಿಯುವುದರೊಳಗೆ ಹೋಯಿತು. 1999ರ ಯುದ್ಧವಿರುವ ವಾಕ್ಯಗಳನ್ನು ಎಲ್ಲಕ್ಕಿಂತ ಕೊನೆಗೆ ಕಳಿಸಿದೆ. ಅವು ಕಳಿಸಿದ ನಾಲ್ಕೇ ನಿಮಿಷಕ್ಕೆ ಕೆಂಪಾದವು, ಎರಡೂ ಖಾನೆಯಲ್ಲಿ ಒಟ್ಟಿಗೆ. ನದಿ, ಗುಡ್ಡ, ಮಳೆಯ ಅಂಕಿಗಳನ್ನು ಬಿಟ್ಟರೆ ಆ ಇಬ್ಬರೂ ಒಮ್ಮತಕ್ಕೆ ಬಂದದ್ದು ಅಲ್ಲಿ ಮಾತ್ರ.

ಇಲ್ಲ, ಇನ್ನೊಂದು ಕಡೆಯೂ ಬಂದಿದ್ದರು. ಕೆರೆಯ ವಿಷಯದಲ್ಲಿ.

'ಪುರಸಭೆಯ ಪಶ್ಚಿಮಕ್ಕಿರುವ ಶಾಂತ ಸರೋವರ ಪ್ರವಾಸಿಗರನ್ನು ಆಕರ್ಷಿಸುತ್ತದೆ' ಎಂಬ ಸಾಲಿಗೆ ಎರಡು ಹಸಿರು ಬಿದ್ದಿತ್ತು. ನಾನು ಆ ಸಾಲನ್ನು ಬರೆದಿರಲಿಲ್ಲ. ನಕ್ಷೆ ತೆಗೆದು ನೋಡಿದೆ. ಸುತ್ತ ನಲವತ್ತು ಕಿಲೋಮೀಟರಿನಲ್ಲಿ ಸರೋವರ ಹೋಗಲಿ, ಎಮ್ಮೆ ಮೈತೊಳೆಯುವ ಹೊಂಡವೂ ಇರಲಿಲ್ಲ.

"ಅದು ಹೋದ್ ಸಲದ ಪುರಸಭೆದು," ಎಂದರು ಬಸವಕುಮಾರ್, ಒಂದಿಷ್ಟೂ ನಾಚಿಕೆಯಿಲ್ಲದೆ. "ಅದನ್ನ ಕಾಪಿ ಮಾಡಿ ಊರ ಹೆಸರ ಬದಲಿ ಮಾಡೀನಿ. ಒಂದು ಉಳದೈತಿ."

"ತೆಗೀರಿ ಅದನ್ನ."

"ಯಾಕ್ರೀ? ಇಬ್ಬರೂ ಹಸರ ಕೊಟ್ಟಾರಲ್ಲ."

"ಇಲ್ದಿರೋ ಕೆರೆ ಅದು!"

"ಇಲ್ಲ ಅಂತನ ಕೊಟ್ಟಾರ. ಇದ್ದಿದ್ರ ಕೆರಿ ಯಾರದು ಅಂತ ಜಗಳಾ ಬರ್ತಿತ್ತು."

ನಾನೇ ಕೂತು ತೆಗೆದೆ. ಒಂದು ಹಸಿರು ವಾಕ್ಯವನ್ನು ಕಳೆದುಕೊಂಡ ದುಃಖದಲ್ಲಿ ಅವರು ಮಧ್ಯಾಹ್ನದವರೆಗೆ ನನ್ನೊಡನೆ ಮಾತಾಡಲಿಲ್ಲ. ಆದರೆ ಅವರು ಹೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ಮನುಷ್ಯರಿಲ್ಲದ ವಾಕ್ಯಕ್ಕೆ ಯಾರೂ ಕೆಂಪು ಹಾಕುವುದಿಲ್ಲ.

ಮಾರನೇ ವಾರ, ಆಗಸ್ಟಿನ ಮೊದಲ ಸೋಮವಾರ, ಶಾರ್ಲಟ್‌ನಿಂದ ಫೋನ್ ಬಂತು. ಸ್ನೆಝಾನಾ ಇರಬೇಕೆಂದುಕೊಂಡೆ. ವಯಸ್ಸಾದ ದನಿ.

"ಕೊಸೊವೊ ಬರೆಯುವ ಹುಡುಗಿ ನೀನೇನಾ? ನಾನು ರಾದ್ಮಿಲಾ. ಸ್ನೆಝಾನಾಳ ತಾಯಿ. ಇ-ಮೇಲ್ ಕೆಳಗೆ ನಿನ್ನ ನಂಬರ್ ಇತ್ತು. ಮಗಳು ಬ್ಯಾಂಕಿಗೆ ಹೋಗಿದ್ದಾಳೆ, ಬೇಗ ಕೇಳು."

ಆಕೆ ಎಪ್ಪತ್ತಾರು ವರ್ಷದ ಗಣಿತದ ಮೇಡಂ. ಗುಡ್ಡದ ಹಳ್ಳಿಯ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕಲಿಸಿದವರು. 1973ರಲ್ಲಿ ಅದನ್ನು ಕಟ್ಟಿದವರಲ್ಲಿ ಅವರ ಗಂಡ ವೊಯಿನ್ ಒಬ್ಬರು, ಅಲ್ಬೇನಿಯನ್ ಭಾಷೆಯ ಮೇಷ್ಟರು ಹಮ್ದಿ ಇನ್ನೊಬ್ಬರು. ಲಾರಿ ಗುಡ್ಡ ಹತ್ತುತ್ತಿರಲಿಲ್ಲವಾದ್ದರಿಂದ ಊರಿನವರು ಕೆಳಗಿನ ರಸ್ತೆಯಿಂದ ಇಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದರು. ಈಗ ಅಲ್ಲಿ ಇಪ್ಪತ್ತಮೂರು ಮಕ್ಕಳು. ಬೆಳಿಗ್ಗೆ ಒಂಬತ್ತು ಸರ್ಬ್ ಮಕ್ಕಳು, ಮಧ್ಯಾಹ್ನ ಹದಿನಾಲ್ಕು ಅಲ್ಬೇನಿಯನ್ ಮಕ್ಕಳು. ಬೆಳಗಿನ ಪಾಳಿಯ ಸಂಬಳ ಸರ್ಬರ ರಾಜಧಾನಿ ಬೆಲ್‌ಗ್ರೇಡ್‌ನಿಂದ, ಮಧ್ಯಾಹ್ನದ್ದು ಕೊಸೊವೊದ ರಾಜಧಾನಿ ಪ್ರಿಶ್ಟಿನಾದಿಂದ. ಚಾವಣಿ ಸೋರುತ್ತಿತ್ತು. ಬೆಲ್‌ಗ್ರೇಡಿನವರು ಮಧ್ಯಾಹ್ನವೂ ಸೋರುತ್ತದಲ್ಲ, ಅವರೇ ಮಾಡಿಸಲಿ ಎಂದರು. ಪ್ರಿಶ್ಟಿನಾದವರು ಬೆಳಿಗ್ಗೆಯೂ ಸೋರುತ್ತದಲ್ಲ ಎಂದರು.

"ಕಳೆದ ಚಳಿಗಾಲ ಪಶ್ಚಿಮದ ಕೋಣೆ ಮುಚ್ಚಿದರು," ಎಂದರು ರಾದ್ಮಿಲಾ. "ಈ ಚಳಿಗಾಲ ಹಿಮ ಬಿದ್ದರೆ ಇನ್ನೊಂದೂ ಮುಚ್ಚುತ್ತದೆ. ಆಮೇಲೆ ಮಕ್ಕಳು ಎರಡು ಬಸ್ಸಿನಲ್ಲಿ ಎರಡು ಪೇಟೆಗೆ ಹೋಗುತ್ತಾರೆ. ಶಾಲೆ ಮುಗಿಯಿತು. ಹಮ್ದಿ ಪ್ರತಿ ಭಾನುವಾರ ಫೋನ್ ಮಾಡಿ ಎಷ್ಟು ಬಕೆಟ್ ಇಟ್ಟಿದ್ದಾರೆಂದು ಹೇಳುತ್ತಾನೆ. ನಿಮ್ಮ ಕಾಗದದಲ್ಲಿ ಏನೋ ಪಟ್ಟಿ ಇದೆಯಂತೆ?"

ಇತ್ತು. ಷರತ್ತಿನ ಕೊನೆಯ ಪುಟದಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ: ಚರಿತ್ರೆಯ ಭಾಗದಲ್ಲಿ ಉಲ್ಲೇಖವಾದ ಕಟ್ಟಡಗಳು ಮಾತ್ರ ಫೌಂಡೇಶನ್ನಿನ ದುರಸ್ತಿ ಪಟ್ಟಿಗೆ ಸೇರುತ್ತವೆ. ಶಾಲೆಯ ಬಗ್ಗೆ ಒಂದು ವಾಕ್ಯ ಉಳಿದರೆ ಚಾವಣಿ ಸಿಗುತ್ತದೆ. ಉಳಿಯದಿದ್ದರೆ ಇಲ್ಲ.

"ಬರೆಯುತ್ತೇನೆ," ಎಂದೆ. ನಾನು ಇಷ್ಟು ಸುಲಭವಾಗಿ ಮಾತು ಕೊಡುವವಳಲ್ಲ. ಫೋನಿಟ್ಟ ಮೇಲೆ ಮೂರು ಸಲ ಷರತ್ತು ಓದಿದೆ.

ಸಾಲು ಮೂವತ್ತೊಂಬತ್ತು: '1973ರಲ್ಲಿ ಎರಡೂ ಸಮುದಾಯದವರು ಒಟ್ಟಾಗಿ ಕಟ್ಟಿದ ಶಾಲೆ ಇಂದಿಗೂ ಎರಡೂ ಭಾಷೆಯ ಮಕ್ಕಳಿಗೆ ಆಶ್ರಯವಾಗಿದೆ.' ಸುಳ್ಳಿಲ್ಲದ, ಸ್ವಲ್ಪ ಸಿಹಿಯಾದ ವಾಕ್ಯ. ಎರಡೂ ಖಾನೆ ಕೆಂಪಾಯಿತು.

ನಿಯಮ ಮೀರಿ ಇಬ್ಬರಿಗೂ ಫೋನ್ ಮಾಡಿದೆ. ಕಾರಿನಲ್ಲಿ ಕೂತು ಮಾಡಿದೆ, ಆಫೀಸಿನಲ್ಲಿ ಅಲ್ಲ.

ಸ್ನೆಝಾನಾ ದನಿ ಏರಿಸಲಿಲ್ಲ. "ಅಮ್ಮ ನಿಮಗೆ ಫೋನ್ ಮಾಡಿದ್ದಾರೆ ಅಲ್ಲವೇ? ಶಾಲೆ ಯಾರು ಕಟ್ಟಿದ್ದೆಂದು ಹೇಳಿರುತ್ತಾರೆ. ಅದೇ ಶಾಲೆಯ ಗೇಟಿನಿಂದ ನನ್ನ ಅಪ್ಪನನ್ನು ಯುದ್ಧ ಮುಗಿದ ಮೇಲೆ, 1999ರ ಜುಲೈನಲ್ಲಿ, ಅಲ್ಬೇನಿಯನ್ ಬಂದೂಕುಧಾರಿಗಳು ಕರೆದುಕೊಂಡು ಹೋದದ್ದನ್ನು ಹೇಳಿದರೇ? ಇವತ್ತಿನವರೆಗೆ ಮೂಳೆ ಸಿಕ್ಕಿಲ್ಲ. ಇಟ್ಟಿಗೆ ಒಟ್ಟಿಗೆ ಹೊತ್ತರು ಎಂದು ಬರೆದು, ಅದನ್ನು ಬರೆಯದಿದ್ದರೆ, ಅದು ಏನು?"

"ಅದನ್ನೂ ಬರೆಯಬಹುದು."

"ಬರೆಯಿರಿ. ಆ ಮನುಷ್ಯ ಹಸಿರು ಹಾಕುತ್ತಾನೋ ನೋಡೋಣ."

ಬೆಸ್ನಿಕ್ ಯಾವುದೋ ಮನೆಯ ಚಾವಣಿಯ ಮೇಲಿದ್ದರು. ಸುತ್ತಿಗೆ ಶಬ್ದ ಕೇಳುತ್ತಿತ್ತು. "ಇಂದಿಗೂ ಎನ್ನುತ್ತೀರಿ ಮೇಡಂ. 1991ರಿಂದ ಎಂಟು ವರ್ಷ ಸರ್ಬ್ ಸರಕಾರ ನಮ್ಮನ್ನು ಆ ಶಾಲೆಗೆ ಸೇರಿಸಲಿಲ್ಲ. ನಾನು ಓದಿದ್ದು ನಮ್ಮ ದೊಡ್ಡಪ್ಪನ ದನದ ಕೊಟ್ಟಿಗೆಯಲ್ಲಿ. ಅಲ್ಲಿ ಕಲಿಸಿದ್ದಕ್ಕಾಗಿ ಹಮ್ದಿ ಮೇಷ್ಟರಿಗೆ ಪೊಲೀಸರು ಹೊಡೆದರು, ಎರಡು ಸಲ. ರಾದ್ಮಿಲಾ ಮೇಡಂ ಆಗ ಒಳಗೆ ಬೆಚ್ಚಗೆ ಒಲೆ ಪಕ್ಕದಲ್ಲಿ ಪಾಠ ಮಾಡುತ್ತಿದ್ದರು. ಆ ಎಂಟು ವರ್ಷ ನಿಮ್ಮ ವಾಕ್ಯದಲ್ಲಿ ಎಲ್ಲಿದೆ?"

ಇರಲಿಲ್ಲ. ಸಾಲು ನಲವತ್ತರಲ್ಲಿ ಗೇಟಿನ ವಿಷಯ ಬರೆದೆ, ನಲವತ್ತೊಂದರಲ್ಲಿ ಕೊಟ್ಟಿಗೆಯ ವಿಷಯ. ಗೇಟಿಗೆ ಬೆಸ್ನಿಕ್ 'ತನಿಖೆಯಾಗಿಲ್ಲ' ಎಂದು ಕೆಂಪು ಹಾಕಿದರು. ಕೊಟ್ಟಿಗೆಗೆ ಸ್ನೆಝಾನಾ 'ಉತ್ಪ್ರೇಕ್ಷೆ' ಎಂದು ಕೆಂಪು ಹಾಕಿದರು. ಅದೇ ಹಳ್ಳಿಯ ಹುಡುಗ ಎಂಟು ವರ್ಷ ಕೊಟ್ಟಿಗೆಯಲ್ಲಿ ಕೂತದ್ದನ್ನು ಆಕೆ ದಿನಾ ನೋಡಿರಲೇಬೇಕು. ಅದೇ ಹಳ್ಳಿಯ ವೊಯಿನ್ ಒಂದು ಸಂಜೆ ವಾಪಸು ಬರಲಿಲ್ಲವೆಂಬುದು ಈತನಿಗೂ ಗೊತ್ತಿರಲೇಬೇಕು. ಬಸವಕುಮಾರರ ಏರ್ಪಾಟು ಎರಡನ್ನೂ ಚೊಕ್ಕವಾಗಿ ಅಳಿಸಿತು. ಯಾವ ಶಬ್ದವೂ ಬರಲಿಲ್ಲ.

ಬುಧವಾರ ಶೇಷಾದ್ರಿಯವರು ಕರೆದರು. ರೆಸ್ಟನ್‌ನಿಂದ ದೂರು ಬಂದಿತ್ತು. ಪರಿಶೀಲಕರಿಗೆ ನೇರವಾಗಿ ಫೋನ್ ಮಾಡಿದ್ದೇಕೆ ಎಂದು.

"ಸ್ಕೂಲಿನ ಚಾವಣಿ ಸೋರ್ತಿದೆ ಸರ್. ಒಂದು ವಾಕ್ಯ ಉಳಿದ್ರೆ..."

"ಯಾಮಿನಿ, ಚಾವಣಿ ನಮ್ ಡೆಲಿವರಬಲ್ಲಾ? ಅಲ್ಲ ತಾನೆ? ಹೋದ ವರ್ಷ ನಮ್ ಬಾತ್‌ರೂಮ್ ಸೋರಿದಾಗ ಕೊಸೊವೊದಿಂದ ಯಾರಾದ್ರೂ ಬಂದ್ರಾ?" ತಮ್ಮ ಮಾತಿಗೆ ತಾವೇ ನಕ್ಕು, ಆಮೇಲೆ ಮುಖ ಗಂಭೀರ ಮಾಡಿಕೊಂಡರು. "ನಿಮ್ ಗ್ರೀನ್ ಕಾರ್ಡ್ ಫೈಲು ಈ ತಿಂಗ್ಳು ನಾನು ಸೈನ್ ಮಾಡ್ಬೇಕು. ನಾನೇನೂ ಹೇಳ್ತಾ ಇಲ್ಲಪ್ಪ. ಸುಮ್ನೆ ಜ್ಞಾಪಿಸ್ದೆ."

ಹೆದರಿದೆ. ಹೆದರುವುದು ನನಗೆ ಹೊಸದಲ್ಲ. ಕಳಿಸಿದ ಇ-ಮೇಲನ್ನು ಮತ್ತೆ ಮತ್ತೆ ತೆಗೆದು ಓದುವವಳು ನಾನು. ಆದರೆ ಒಬ್ಬ ಮನುಷ್ಯ ತನ್ನ ಟೇಬಲ್ಲಿನ ಮೇಲೆ ನನ್ನ ಕಾಗದ ಇಟ್ಟುಕೊಂಡು 'ಏನೂ ಹೇಳ್ತಾ ಇಲ್ಲ' ಎಂದು ಹೇಳಿದ ರೀತಿಗೆ ಹೆದರಿಕೆಯ ಜೊತೆ ಹೇಸಿಗೆಯೂ ಆಯಿತು. ಟೇಬಲ್ಲಿಗೆ ವಾಪಸು ಬಂದು ಹಾಳೆ ತೆರೆದೆ. ಉಳಿದ ಸಾಲುಗಳನ್ನು ಓದಿದೆ. ನದಿಯ ಉದ್ದ. ಗುಡ್ಡದ ಎತ್ತರ. ವರ್ಷಕ್ಕೆ ಬೀಳುವ ಮಳೆ. ಪೇರುಹಣ್ಣಿನ ಮೂರು ತಳಿ. ಎಲ್ಲಕ್ಕೂ ಎರಡೆರಡು ಹಸಿರು. ಓದುತ್ತಾ ಹೋದಂತೆ ಬಸವಕುಮಾರ್ ಕೆರೆಯ ಬಗ್ಗೆ ಹೇಳಿದ ಮಾತು ಮತ್ತೆ ಕೇಳಿಸಿತು, ಮತ್ತು ನಾನು ಏನು ಮಾಡಬೇಕೆಂದು ತಿಳಿಯಿತು. ತಿಳಿದದ್ದಕ್ಕೆ ಹೆಮ್ಮೆಯೇನೂ ಆಗಲಿಲ್ಲ.

ಗುರುವಾರ ಬೆಳಿಗ್ಗೆ, ಮಗಳು ಬ್ಯಾಂಕಿಗೆ ಹೋದ ಹೊತ್ತು ನೋಡಿ, ರಾದ್ಮಿಲಾಗೆ ಫೋನ್ ಮಾಡಿದೆ.

"ಶಾಲೆಯ ಅಳತೆ ಹೇಳಿ."

"ಯಾಕೆ?"

"ಹೇಳಿ ಮೇಡಂ. ಯಾರು ಕಟ್ಟಿದರು ಅಂತ ಬೇಡ. ಉದ್ದ, ಅಗಲ, ಚಾವಣಿ."

ಆಕೆ ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳಿದರು.

ಚರಿತ್ರೆಯ ಭಾಗದ ಕೊನೆಯಲ್ಲಿ, ಮಳೆಗೂ ಪೇರುಹಣ್ಣಿಗೂ ನಡುವೆ, ಸಾಲು ನಲವತ್ತೆರಡು ಸೇರಿಸಿದೆ: 'ಗುಡ್ಡದ ಹಳ್ಳಿಯಲ್ಲಿ, ಸಮುದ್ರಮಟ್ಟದಿಂದ ಎಂಟುನೂರ ಹತ್ತು ಮೀಟರ್ ಎತ್ತರದಲ್ಲಿ, ಇಪ್ಪತ್ತನಾಲ್ಕು ಮೀಟರ್ ಉದ್ದದ, ಒಂಬತ್ತು ಮೀಟರ್ ಅಗಲದ, ಹೆಂಚು ಹೊದಿಸಿದ ಒಂದು ಶಾಲಾ ಕಟ್ಟಡವಿದೆ.' ಕಟ್ಟಿದವರಿಲ್ಲ, ಕಲಿತವರಿಲ್ಲ, ಹೊರಗೆ ಹಾಕಲ್ಪಟ್ಟವರಿಲ್ಲ, ಗೇಟಿನಿಂದ ಹೋದವರಿಲ್ಲ. ಕ್ರಿಯಾಪದ ಕೂಡ ಒಂದೇ: ಇದೆ.

ಹತ್ತು ನಿಮಿಷ, ಇಪ್ಪತ್ತು ನಿಮಿಷ. ಎರಡೂ ಖಾನೆ ಬಿಳಿಯಾಗಿಯೇ ಇತ್ತು. ಮಧ್ಯಾಹ್ನ ಊಟದ ಡಬ್ಬಿ ತೆರೆದು ಮುಚ್ಚಿದೆ. ಎರಡೂವರೆಗೆ ಬೆಸ್ನಿಕ್ ಅವರ ಖಾನೆಯಲ್ಲಿ ಒಂದು ಟಿಪ್ಪಣಿ ಬಂತು. 'ಹೆಂಚು ತಪ್ಪು. 2004ರಿಂದ ಸಿಮೆಂಟ್ ಶೀಟ್. ಪಶ್ಚಿಮದಲ್ಲಿ ಇಪ್ಪತ್ತೆರಡು ಶೀಟ್ ಒಡೆದಿವೆ, ತೊಲೆ ಎರಡು ಕೊಳೆತಿವೆ. ದುರಸ್ತಿ ಮಾಡುವವರಿಗೆ ಇಳಿಜಾರು ಹೆಚ್ಚಿಸಲು ಹೇಳಿ, ಅಲ್ಲಿ ಹಿಮ ಜಾಸ್ತಿ.' ಅದರ ಹಿಂದೆಯೇ ಹಸಿರು.

ಲಾರೆನ್ಸ್‌ವಿಲ್‌ನಲ್ಲಿ ಕೂತ ಮನುಷ್ಯನಿಗೆ ಒಡೆದ ಶೀಟಿನ ಲೆಕ್ಕ ಗೊತ್ತಿತ್ತು.

ನಾಲ್ಕಕ್ಕೆ ಸ್ನೆಝಾನಾ. 'ಅಗಲ ಒಂಬತ್ತಲ್ಲ, ಒಂಬತ್ತೂವರೆ. ಅಮ್ಮ ವರಾಂಡ ಬಿಟ್ಟಿದ್ದಾರೆ.' ಹಸಿರು. ಹಸಿರು ಬಿದ್ದ ಸಾಲನ್ನು ತಿದ್ದಬಾರದೆಂಬ ನಿಯಮವಿರಲಿಲ್ಲ, ಎರಡನ್ನೂ ತಿದ್ದಿದೆ.

ಶುಕ್ರವಾರ ಬಸವಕುಮಾರ್ ಕೊನೆಯ ಲೆಕ್ಕ ತೆಗೆದರು. ಪುಸ್ತಿಕೆಯಲ್ಲಿ ಎರಡೂ ಸಮುದಾಯಗಳ ಉಲ್ಲೇಖ ಸಮನಾಗಿರಬೇಕೆಂಬ ಷರತ್ತಿಗಾಗಿ ಅವರು ಇನ್ನೊಂದು ಏರ್ಪಾಟು ಮಾಡಿದ್ದರು. ಗುಂಡಿ ಒತ್ತಿದರೆ ಯಾರ ಹೆಸರು ಎಷ್ಟು ಸಲ ಬಂದಿದೆಯೆಂದು ಹೇಳುತ್ತಿತ್ತು.

"ಸರ್ಬ್, ಸೊನ್ನೆ," ಎಂದು ಓದಿದರು. "ಅಲ್ಬೇನಿಯನ್, ಸೊನ್ನೆ. ಒಟ್ಟ ಪದ ಮುನ್ನೂರಾ ನಾಕು."

"ಪರ್ಫೆಕ್ಟ್ ಬ್ಯಾಲೆನ್ಸ್!" ಎಂದು ಶೇಷಾದ್ರಿಯವರು ಕೋಣೆಯಿಂದ ಹೊರಗೇ ಬಂದರು. ಎಂಟುನೂರು ವರ್ಷ ಒಂದೇ ನೆಲದಲ್ಲಿ ಹುಟ್ಟಿ, ಬೆಳೆ ತೆಗೆದು, ಹೆಣ ಹೂತ ಎರಡು ಜನಾಂಗಗಳನ್ನು ಹುಡುಕಿದರೂ ಸಿಗದ ಹಾಗೆ ಮಾಡಿದ್ದಕ್ಕೆ ಕಾಜು ಕತ್ಲಿಯ ಡಬ್ಬಿ ತರಿಸಿದರು. ರೆಸ್ಟನ್‌ನವರು ಸಂಜೆಯೊಳಗೆ ಉತ್ತರ ಬರೆದರು: ಇಷ್ಟು ವಿವಾದರಹಿತವಾದ ಚರಿತ್ರೆ ತಮಗೆ ಈವರೆಗೆ ಬಂದಿರಲಿಲ್ಲ, ಉಳಿದ ಪುರಸಭೆಗಳಿಗೂ ಇದನ್ನೇ ಮಾದರಿಯಾಗಿ ಬಳಸಬೇಕು. ನನ್ನ ಫೈಲಿಗೂ ಅಂದೇ ಸಹಿಯಾಯಿತು. ಕಾಜು ಕತ್ಲಿ ಒಂದು ತಿಂದೆ. ಚೆನ್ನಾಗಿಯೇ ಇತ್ತು.

ದುರಸ್ತಿ ಪಟ್ಟಿ ಹತ್ತು ದಿನದ ಮೇಲೆ ಬಂತು. ಗುಡ್ಡದ ಹಳ್ಳಿಯ ಶಾಲೆ ಏಳನೆಯದು. ನಾನೇ ರಾದ್ಮಿಲಾಗೆ ಫೋನ್ ಮಾಡಿದೆ. ಅವರು ಆಗಲೇ ಪುಸ್ತಿಕೆ ಓದಿದ್ದರು. ಮಗಳು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಕೊಟ್ಟಿದ್ದಳಂತೆ.

"ಓದಿದೆ," ಎಂದರು. "ಶಾಲೆ ಅಣಬೆಯಂತೆ. ಮಳೆ ಬಂತು, ಎದ್ದು ನಿಂತಿತು. ಇಪ್ಪತ್ತನಾಲ್ಕು ಗುಣಿಸು ಒಂಬತ್ತೂವರೆ."

"ಕಟ್ಟಿದವರ ಹೆಸರು ಬರೆದಿದ್ದರೆ ಚಾವಣಿ ಬರುತ್ತಿರಲಿಲ್ಲ ಮೇಡಂ."

"ಗೊತ್ತು, ಹುಡುಗಿ. ನಾನು ಗಣಿತದವಳು, ಕೂಡಿಸಿ ಕಳೆಯುವುದು ಬರುತ್ತದೆ. ಹಮ್ದಿಗೆ ಓದಿ ಹೇಳಿದೆ. ತುಂಬಾ ಹೊತ್ತು ನಕ್ಕ. ಆಮೇಲೆ ಕೆಲಸದವರು ಯಾವತ್ತು ಬರುತ್ತಾರೆ ಎಂದು ಕೇಳಿದ."

"ಸೆಪ್ಟೆಂಬರ್ ಕೊನೆಗೆ."

"ಹಿಮಕ್ಕೆ ಮೊದಲು. ಸರಿ." ಫೋನ್ ಇಡುವುದಕ್ಕೆ ಮೊದಲು ಇನ್ನೊಂದು ಕೇಳಿದರು: "ನೀನು ಏನು ಓದಿದ್ದು?"

"ಚರಿತ್ರೆ."

"ಹಾಂ," ಎಂದರು. ಅಷ್ಟೇ.

ಅಕ್ಟೋಬರಿನಲ್ಲಿ ರೆಸ್ಟನ್‌ನಿಂದ ಫೋಟೋ ಬಂತು. ಹೊಸ ಕೆಂಪು ಚಾವಣಿ, ಇಳಿಜಾರು ಜಾಸ್ತಿ ಮಾಡಿದ್ದರು. ಗೋಡೆಯ ಮೇಲೆ ಹಿತ್ತಾಳೆಯ ಫಲಕ, ಮೂರು ಭಾಷೆಯಲ್ಲಿ. ಫೌಂಡೇಶನ್ನಿನ ಹೆಸರು, ದೊಡ್ಡ ಸಂಸ್ಥೆಯ ಹೆಸರು, ಮಧ್ಯಮ ಸಂಸ್ಥೆಯ ಹೆಸರು, ಎಲ್ಲಕ್ಕಿಂತ ಕೆಳಗೆ ನಮ್ಮ ಕಂಪನಿಯ ಹೆಸರು.

"ನಮ್ಮ ಹೆಸರ ಐತ್ರೀ!" ಎಂದು ಬಸವಕುಮಾರ್ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಸ್ಪೆಲ್ಲಿಂಗ್ ಸೈತ ಸರಿ ಐತಿ."

ಶೇಷಾದ್ರಿಯವರು ಅದನ್ನು ಎರಡಡಿ ಅಗಲಕ್ಕೆ ಪ್ರಿಂಟ್ ಹಾಕಿಸಿ, ಮೆಟ್ಟಿಲು ಹತ್ತಿ ಬರುವವರ ಕಣ್ಣಿಗೆ ಬೀಳುವ ಜಾಗದಲ್ಲಿ ತೂಗು ಹಾಕಿಸಿದರು. ಹಲ್ಲು ತೋರಿಸಲು ಬಂದ ಜನರೂ ದಾರಿ ತಪ್ಪಿ ಮೇಲೆ ಬಂದಾಗ ಅದನ್ನು ನೋಡಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಕನ್ನಡ ಸಂಘದ ತ್ಯಾಗರಾಜ ಅಂಕಲ್ ರಾಜ್ಯೋತ್ಸವದ ಟಿಕೆಟ್ ಕೊಡಲು ಬಂದಿದ್ದರು.

"ಏನ್ರೀ ಇದು ಶೇಷಾದ್ರಿ, ಸ್ಕೂಲಾ?"

"ಯೂರೋಪ್‌ದು ಅಂಕಲ್. ನಾವು ಕಟ್ಟಿದ್ದು," ಎಂದರು ಶೇಷಾದ್ರಿಯವರು.

ನಾನು ಪ್ರಿಂಟರಿನ ಹತ್ತಿರ ನಿಂತಿದ್ದೆ. ಬಾಯಿ ಮುಚ್ಚಿಕೊಂಡಿರಬಹುದಿತ್ತು, ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತೇನೆ.

"ನಾವು ಕಟ್ಟಿಲ್ಲ ಸರ್."

"ಅಂದ್ರೆ, ಚಾವಣಿ. ಒಂದೇ ಅಲ್ವಾ?"

"ಚಾವಣೀನೂ ನಮ್ದಲ್ಲ. ಶಾಲೆ ಕಟ್ಟಿದ್ದು ವೊಯಿನ್ ಅಂತ ಒಬ್ರು, ಹಮ್ದಿ ಅಂತ ಒಬ್ರು, ಆ ಊರಿನ ಜನ. 1973ರಲ್ಲಿ. ಇಟ್ಟಿಗೆ ಬೆನ್ನ ಮೇಲೆ ಹೊತ್ಕೊಂಡು ಹೋಗಿ. ಒಬ್ರನ್ನ ಅದರ ಬಾಗಿಲಿಂದ ಹೊರಗೆ ಹಾಕಿದ್ರು, ಇನ್ನೊಬ್ರನ್ನ ಅದರ ಗೇಟಿಂದ ಹಿಡ್ಕೊಂಡು ಹೋದ್ರು."

ತ್ಯಾಗರಾಜ ಅಂಕಲ್ ಟಿಕೆಟ್ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡಿದರು. ಶೇಷಾದ್ರಿಯವರಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ಆಶ್ಚರ್ಯವಾಗಿತ್ತು ಅವರಿಗೆ.

"ಹೌದಾ?" ಎಂದರು. "ನಿಮ್ ರಿಪೋರ್ಟಲ್ಲಿ ಅದೆಲ್ಲಾ ಇಲ್ವಲ್ಲ ಯಾಮಿನಿ."